ಮಾತ್ರೆ ನುಂಗಿದವರು

ಅಕ್ಕನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ತಮ್ಮ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ: “ರೋಗದ ಹುಳಗಳ ಬಯೋಡೇಟಾ ಬರೀತಾಳೆ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ವಿಶ್ವವಿದ್ಯಾಲಯದ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡಿನ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ ಇತ್ತು. ಅಲ್ಲಿ ಕೂತು ಕೆಲವೇ ಮಂದಿ ಅಂತರಜಾಲದ ಒಂದು ದೊಡ್ಡ ಮಾಹಿತಿಕೋಶವನ್ನು ನಡೆಸುತ್ತಿದ್ದರು. ಮನುಷ್ಯನ ಮೈಹೊಕ್ಕು ಕಾಯಿಲೆ ತರುವ ಪರಾವಲಂಬಿಗಳ ಜೀನ್‌ಗಳೆಲ್ಲ ಅದರಲ್ಲಿದ್ದವು. ಒಂದೊಂದು ಜೀನ್‌ಗೂ ಒಂದೊಂದು ಪುಟ. ಆ ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಏನು ಮಾಡುತ್ತದೆ, ಅದು ಬದಲಾದರೆ ಯಾವ ಔಷಧಿಗೆ ರೋಗ ಸೊಪ್ಪು ಹಾಕುವುದಿಲ್ಲ, ಹೀಗೆ ತಿಳಿದಷ್ಟನ್ನು ಬರೆದಿಡುವುದು ಅಕ್ಕನ ಕೆಲಸ. ಎಲ್ಲೋ ಯಾರೋ ವರ್ಷಗಟ್ಟಲೆ ಒದ್ದಾಡಿ ಕಂಡುಕೊಂಡದ್ದನ್ನು ಓದಿ, ಅರೆದು, ನಾಲ್ಕು ಸಾಲಿಗೆ ಇಳಿಸಿ ಸರಿಯಾದ ಪುಟದಲ್ಲಿ ಇಡಬೇಕು. ಜಗತ್ತಿನ ಯಾವ ಮೂಲೆಯವರು ಬೇಕಾದರೂ ಬಂದು ನೋಡಬಹುದು, ಬಾಗಿಲಿಗೆ ಬೀಗವಿಲ್ಲ. ಎಷ್ಟೋ ಪುಟಗಳಲ್ಲಿ ಇನ್ನೂ ‘ಕೆಲಸ ತಿಳಿದಿಲ್ಲ’ ಎಂದಷ್ಟೇ ಇತ್ತು. ಅಂಥ ಒಂದು ಪುಟಕ್ಕೆ ಉತ್ತರ ಸಿಕ್ಕ ದಿನ ಅಕ್ಕ ಕೋಣೆಯವರಿಗೆಲ್ಲ ಟೀ ತರಿಸುತ್ತಿದ್ದಳು.

ತಮ್ಮ ಲಿಫ್ಟ್ ರಿಪೇರಿಯವನು. ಅಮ್ಮ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ತಲೆ ಬಾಚಿ, ಬುತ್ತಿ ಕಟ್ಟಿ ಕಳಿಸಿದ್ದೆಲ್ಲ ಅಕ್ಕನೇ. ಆಗಲೇ ಅವನಿಗೆ ಮನೆಯಲ್ಲಿ ‘ಮರೆಗುಳಿ’ ಎಂದು ಹೆಸರು ಬಿದ್ದದ್ದು. ಬುತ್ತಿ ಅಡುಗೆಮನೆಯಲ್ಲಿ, ಚೀಲ ಬಸ್ಸಿನಲ್ಲಿ, ಚಪ್ಪಲಿ ಗೆಳೆಯನ ಮನೆ ಬಾಗಿಲಲ್ಲಿ. ಒಮ್ಮೆ ಶಾಲೆಗೆ ರಜೆ ಎಂಬುದನ್ನೇ ಮರೆತು, ಮುಚ್ಚಿದ ಗೇಟಿನ ಮುಂದೆ ಬಹಳ ಹೊತ್ತು ನಿಂತು, ಇವತ್ತು ಎಲ್ಲರೂ ತಡವಾಗಿ ಬರುತ್ತಿದ್ದಾರೆ ಎಂದುಕೊಂಡಿದ್ದ. ಈಗ ಅವನಿಗೆ ಮದುವೆಯಾಗಿತ್ತು, ಗಡ್ಡದಲ್ಲಿ ಒಂದೆರಡು ಬಿಳಿಕೂದಲೂ ಬಂದಿದ್ದವು. ಹೆಸರು ಮಾತ್ರ ಹಾಗೇ ಉಳಿದಿತ್ತು.

ನದಿಯ ದಂಡೆಯಲ್ಲಿ ಹೊಸದಾಗಿ ಎದ್ದ ಕಟ್ಟಡವೊಂದರಲ್ಲಿ ಲಿಫ್ಟ್ ಕೂರಿಸಲು ಹೋದಾಗ ಅವನಿಗೆ ಜ್ವರ ಬಂತು. ಅಲ್ಲಿ ನೆಲಮಾಳಿಗೆಯ ತುಂಬ ನಿಂತ ನೀರು, ನೀರಿನ ತುಂಬ ಸೊಳ್ಳೆ. ಪರೀಕ್ಷೆ ಮಾಡಿದರೆ ಮಲೇರಿಯಾ, ಅದರಲ್ಲೂ ಲಿವರಿನಲ್ಲಿ ಅವಿತು ಮಲಗುವ ಜಾತಿ. ರಕ್ತದಲ್ಲಿ ಓಡಾಡುವುದನ್ನು ಕೊಲ್ಲಲು ಒಂದು ಔಷಧಿ, ಅದು ಕೆಲವೇ ದಿನ. ಲಿವರಿನಲ್ಲಿ ಮಲಗಿದ್ದನ್ನು ಕೊಲ್ಲಲು ಇನ್ನೊಂದು, ಅದು ಎರಡು ವಾರ. ಜ್ವರ ಬಿಟ್ಟು ಮೈ ಹಗುರಾದ ಮೇಲೂ ದಿನಾ ನುಂಗಬೇಕಾದ ಮಾತ್ರೆಯನ್ನು ಎಷ್ಟೋ ಜನ ಅರ್ಧಕ್ಕೇ ಕೈಬಿಡುತ್ತಾರೆ. ಆಗ ಮಲಗಿದ್ದು ತಿಂಗಳುಗಳ ಮೇಲೆ ಮೈಮುರಿದು ಏಳುತ್ತದೆ, ಮತ್ತೆ ಅದೇ ಚಳಿ, ಅದೇ ಜ್ವರ. ಇದನ್ನೆಲ್ಲ ತಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದವಳು ಅಕ್ಕ. ಅವನು ತಲೆಯಾಡಿಸಿದ್ದ. ಬೇಸಿಗೆ ಕಳೆಯುವಷ್ಟರಲ್ಲಿ ಜ್ವರ ಮರಳಿ ಬಂತು.

ಮಾತ್ರೆ ಬಿಟ್ಟಿರಬೇಕು ಎಂದರು ಆಸ್ಪತ್ರೆಯವರು. ಇಲ್ಲ, ಒಂದೂ ಬಿಟ್ಟಿಲ್ಲ ಎಂದ ಇವನು. ಅವರು ಅದನ್ನು ಕಿವಿ ಮೇಲೆ ಹಾಕಿಕೊಳ್ಳದೆ ಮತ್ತೆ ಅದೇ ಎರಡು ವಾರದ ಮಾತ್ರೆ ಬರೆದುಕೊಟ್ಟರು. ಚಳಿಗಾಲದಲ್ಲಿ ಮೂರನೆಯ ಸಲ ಜ್ವರ ಎದ್ದಾಗ ಕಂಪನಿಯವರು ಅವನನ್ನು ಲಿಫ್ಟ್ ಏರಿಳಿಯುವ ಬಾವಿಗೆ ಇಳಿಯದಂತೆ ತಡೆದು, ಬಿಡಿಭಾಗಗಳ ಗೋದಾಮಿನಲ್ಲಿ ಕೂರಿಸಿದರು. ಕೈ ನಡುಗುವವನನ್ನು ಅಷ್ಟು ಎತ್ತರದಲ್ಲಿ ಹಗ್ಗದ ಪಕ್ಕ ಹೇಗೆ ನಿಲ್ಲಿಸುತ್ತಾರೆ. ಹಾಗೆಂದು ಅವನೇ ಹೇಳಿಕೊಂಡು ನಕ್ಕ.

ಅದೇ ಚಳಿಗಾಲದ ಒಂದು ಭಾನುವಾರ ಎಲ್ಲರೂ ಅಪ್ಪನ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಅಪ್ಪನೂ ಅಕ್ಕನೂ ಇದ್ದದ್ದು ಒಂದೇ ಮನೆಯಲ್ಲಿ. ಅಪ್ಪ ನಲ್ಲಿ, ಪೈಪುಗಳ ಕೆಲಸ ಮಾಡಿ ನಿವೃತ್ತನಾದವನು. ಮಾತು ಕಡಿಮೆ, ಆಡಿದರೆ ಸುತ್ತಿಗೆ ಪೆಟ್ಟು. ತಮ್ಮನ ಹೆಂಡತಿ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಹಿಂದಿನ ವಾರ ಗುಡಿಸುವಾಗ ಮಂಚದ ಕೆಳಗೆ ಒಂದು ಮಾತ್ರೆ ಸಿಕ್ಕಿತೆಂದು ಅವಳು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. ದೂರು ಹೇಳಬೇಕೆಂದಲ್ಲ, ಹೆದರಿ ಹೇಳಿದ್ದು. ಊಟದ ನಡುವೆ ಅಕ್ಕ ಆ ಮಾತು ಎತ್ತಿದಳು. ಕೈ ನಡುಗಿ ಬಿದ್ದುಹೋಯಿತು, ಇನ್ನೊಂದು ತೆಗೆದುಕೊಂಡು ನುಂಗಿದೆ ಎಂದು ತಮ್ಮ ಹೇಳಿದ. ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ.

“ನಿಮ್ಮಮ್ಮನೂ ಹೀಗೇ. ಕೊಟ್ಟ ಮಾತ್ರೆ ನುಂಗ್ತಾ ಇರ್ಲಿಲ್ಲ, ವರ್ಷಾ ವರ್ಷಾ ಇದೇ ಜ್ವರ ಬಂದು ಮಲಗ್ತಿದ್ಲು,” ಎಂದ ಅಪ್ಪ.

ತಮ್ಮನ ಹೆಂಡತಿ ಸಮಾಧಾನದ ದನಿಯಲ್ಲಿ, ಇನ್ನು ಮೇಲೆ ತಾನೇ ದಿನಾ ಕೈಯಾರೆ ಬಾಯಿಗೆ ಹಾಕಿ ನೀರು ಕುಡಿಸುತ್ತೇನೆ, ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಟಾನಿಕ್ ಕುಡಿಸಿಲ್ಲ ಎಂದಳು. ಅವಳು ತಮಾಷೆಗೆಂದೇ ಹೇಳಿದ್ದು. ತಮ್ಮ ಕೈ ತೊಳೆದುಕೊಂಡು ಎದ್ದ. ಬಾಗಿಲ ಬಳಿ ಬೂಟು ಹಾಕಿಕೊಳ್ಳುವಾಗ ಅಕ್ಕ ಹಿಂದೆಯೇ ಹೋದಳು.

“ಅಕ್ಕ, ನೀನಾದ್ರೂ ನಂಬ್ತೀಯ ಅನ್ಕೊಂಡಿದ್ದೆ,” ಎಂದ ಅವನು, ಬೂಟಿನ ದಾರ ಬಿಗಿಯುತ್ತ.

“ನಂಬೋ ಹಾಗೆ ನೀನು ಯಾವತ್ತು ನಡ್ಕೊಂಡಿದ್ದೀಯ?”

ಮಾತು ಬಾಯಿಂದ ಜಾರಿದ ಮೇಲೆ ಅಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ವಾಪಸ್ಸು ತೆಗೆದುಕೊಳ್ಳಲಿಲ್ಲ, ಅದು ನಿಜವೆಂದೇ ಅವಳಿಗೆ ಅನ್ನಿಸಿತ್ತು. ತಮ್ಮ ಮೆಟ್ಟಿಲಿಳಿದು ಹೋದ. ಆಮೇಲೆ ಅವನು ಫೋನ್ ಮಾಡಲಿಲ್ಲ. ಇವಳು ಮಾಡಿದರೆ ಹೂಂ, ಉಹೂಂ, ಅಷ್ಟೇ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅಕ್ಕನ ಮೇಜಿಗೆ ಹೊಸ ಮಾಹಿತಿಯ ಕಂತೆಯೊಂದು ಬಂತು. ದೂರದ ಒಂದು ಸಂಶೋಧಕರ ತಂಡ ಕಳಿಸಿದ್ದು. ಇದೇ ಜಾತಿಯ ಮಲೇರಿಯಾದ್ದು. ಈ ಜಾತಿಯನ್ನು ಪ್ರಯೋಗಾಲಯದ ಗಾಜಿನಲ್ಲಿ ಬೆಳೆಸುತ್ತ ಹೋಗಲು ಆಗುವುದಿಲ್ಲ, ಪ್ರತಿ ಸಲವೂ ಜ್ವರ ಬಂದ ಮನುಷ್ಯನ ರಕ್ತದಿಂದಲೇ ತೆಗೆಯಬೇಕು. ಹಾಗಾಗಿ ಅದರ ಒಂದೊಂದು ಮಾದರಿಯ ಹಿಂದೆಯೂ ಎಲ್ಲೋ ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತ ಕೂತ ಒಬ್ಬ ಮನುಷ್ಯ ಇರುತ್ತಾನೆ. ಹೆಸರು ಇರುವುದಿಲ್ಲ. ಒಂದು ಗುರುತಿನ ಸಂಖ್ಯೆ, ವಯಸ್ಸು, ಕೊಟ್ಟ ಔಷಧಿ, ಅಷ್ಟೇ. ಈ ತಂಡದವರು ಒಬ್ಬೊಬ್ಬರಿಂದ ಎರಡೆರಡು ಮಾದರಿ ತೆಗೆದಿದ್ದರು: ಮೊದಲ ಜ್ವರದ್ದೊಂದು, ಮರಳಿ ಬಂದ ಜ್ವರದ್ದೊಂದು.

ಅವನ್ನೆಲ್ಲ ಮಾಹಿತಿಕೋಶದ ಪದ್ಧತಿಗೆ ಹೊಂದಿಸುವುದು ಅವಳ ಕೆಲಸ. ಅಲ್ಲಿ ‘ಮಾತ್ರೆ ನುಂಗಿದ್ದು’ ಎಂಬ ಒಂದು ಕಾಲಮ್ಮು ಇರುತ್ತದೆ. ಅದರಲ್ಲಿ ಬರೆಯಬಹುದಾದದ್ದು ಎರಡೇ, ‘ಕಣ್ಣಾರೆ ಕಂಡದ್ದು’ ಅಥವಾ ‘ರೋಗಿ ಹೇಳಿದ್ದು’. ರೋಗಿ ಹೇಳಿದ್ದು ಎಂದು ಬರೆದಾಗಲೆಲ್ಲ ಅಕ್ಕನ ಮನಸ್ಸಿನಲ್ಲಿ ಅದಕ್ಕೆ ಅರ್ಧ ಬೆಲೆ. ಈ ಕಂತೆಯಲ್ಲಿ ಮೇಲಿನಿಂದ ಕೆಳಗಿನವರೆಗೂ ಕಣ್ಣಾರೆ ಕಂಡದ್ದು. ನರ್ಸ್ ಎದುರಿಗೆ ಕೂತು ಒಂದೊಂದು ಮಾತ್ರೆಯನ್ನೂ ನುಂಗಿಸಿ, ಬಾಯಿ ತೆರೆಸಿ ನೋಡಿ ಕಳಿಸಿದ್ದರು. ಅಷ್ಟಾದರೂ ಕೆಲವರಿಗೆ ಜ್ವರ ಮರಳಿತ್ತು.

ಹೊಸ ಸೊಳ್ಳೆ ಕಚ್ಚಿರಬಹುದು ಎಂದುಕೊಂಡು ಅವಳು ಒಬ್ಬೊಬ್ಬರ ಎರಡೂ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಹೊಸ ಸೊಳ್ಳೆ ತಂದಿದ್ದರೆ ಜೀನ್‌ಗಳು ಬೇರೆ ಬೇರೆ ಕಡೆಯವರಂತೆ ಕಾಣಬೇಕಿತ್ತು. ಇವು ಹಾಗಿರಲಿಲ್ಲ. ಕೆಲವು ಮೊದಲಿನದರ ಪಡಿಯಚ್ಚು, ಕೆಲವು ಮೊದಲಿನದರ ಒಡಹುಟ್ಟಿದವು. ಒಂದೇ ಸೊಳ್ಳೆಯ ಬಾಯಿಂದ ಜೊತೆಯಾಗಿ ಇಳಿದು, ಲಿವರಿನಲ್ಲಿ ಜೊತೆಯಾಗಿ ಮಲಗಿ, ಮುಂದೆ ಹಿಂದೆ ಎದ್ದವು. ಅಂದರೆ ಎರಡು ವಾರದ ಮಾತ್ರೆ ಅವನ್ನು ಮುಟ್ಟಿಯೇ ಇರಲಿಲ್ಲ.

ಕಂತೆಯ ಜೊತೆಗಿದ್ದ ಟಿಪ್ಪಣಿಯಲ್ಲಿ ಕಾರಣವೂ ಇತ್ತು. ಆ ಮಾತ್ರೆ ನುಂಗಿದ ಹಾಗೇ ಔಷಧಿಯಲ್ಲ. ಲಿವರ್ ಅದನ್ನು ಅರಗಿಸಿ ಔಷಧಿಯಾಗಿ ಮಾಡಿಕೊಳ್ಳಬೇಕು. ಕೆಲವರ ಲಿವರಿಗೆ ಹುಟ್ಟಿನಿಂದಲೇ ಆ ಕೈಚಳಕ ಇರುವುದಿಲ್ಲ. ಅವರು ಮಾತ್ರೆ ನುಂಗುತ್ತಾರೆ, ಅದು ಬಂದ ದಾರಿಗೆ ಸುಂಕವಿಲ್ಲದಂತೆ ಹೋಗಿಬಿಡುತ್ತದೆ.

ಅಕ್ಕ ಕುರ್ಚಿಗೆ ಒರಗಿದಳು. ಇದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಯಾವಾಗಲೋ ಓದಿದ್ದಳು, ಎಲ್ಲೋ ಒಂದು ಪುಟದಲ್ಲಿ ಅದರ ಬಗ್ಗೆ ಎರಡು ಸಾಲು ಬರೆದೂ ಇದ್ದಳು. ಆದರೆ ಓದಿದ್ದು ಒಂದು ಕಡೆ ಇತ್ತು, ತಮ್ಮ ಇನ್ನೊಂದು ಕಡೆ ಇದ್ದ. ಎರಡನ್ನೂ ಒಟ್ಟಿಗೆ ತಂದು ನೋಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

ಕೋಣೆಯ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರ ಹತ್ತಿರ ಹೋಗಿ ತಮ್ಮನ ವಿಷಯವನ್ನೆಲ್ಲ ಹೇಳಿ, ಹೀಗೂ ಇರಬಹುದಾ ಎಂದು ಕೇಳಿದಳು. ಅವರು ಕನ್ನಡಕ ಹಣೆಗೇರಿಸಿದರು. ಇರಬಹುದು, ಪರೀಕ್ಷೆ ಮಾಡದೆ ಯಾರಿಗೂ ಹೇಳಲು ಬರುವುದಿಲ್ಲ, ಬಹಳ ಜನರ ವಿಷಯದಲ್ಲಿ ನಿಜವಾಗಿಯೂ ಮಾತ್ರೆ ಬಿಟ್ಟದ್ದೇ ಕಾರಣ ಎಂದರು. ಆಮೇಲೆ ಅವಳ ಮುಖ ನೋಡಿ, “ನೀನು ಈಗ್ಲೇ ಹೊರಡಮ್ಮ. ಇದು ನಾಳೆಗೂ ಇಲ್ಲೇ ಇರತ್ತೆ,” ಎಂದು ಅವಳ ಪರದೆಯ ಕಡೆ ಕೈ ತೋರಿಸಿದರು.

ತಮ್ಮನಿಗೆ ಜ್ವರ ಮತ್ತೆ ಎದ್ದಿದೆ ಎಂದು ಅವನ ಹೆಂಡತಿ ಆ ವಾರವಷ್ಟೇ ಫೋನಿನಲ್ಲಿ ಹೇಳಿದ್ದಳು. ಈ ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುವಂಥದ್ದು. ಬಿಡುವಿನ ದಿನ ತಮ್ಮ ಗೋದಾಮಿಗೆ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಬಸ್ಸು ಹಿಡಿದು ಅಲ್ಲಿಗೇ ಹೋದಳು. ತಗಡಿನ ಚಾವಣಿಯ ದೊಡ್ಡ ಶೆಡ್ಡು. ಗೋಡೆಯುದ್ದಕ್ಕೂ ಉಕ್ಕಿನ ಹಗ್ಗದ ಸುರುಳಿಗಳು, ಗಾಲಿಗಳು, ಹಳೆಯ ಲಿಫ್ಟುಗಳ ಗುಂಡಿಫಲಕಗಳು. ಗ್ರೀಸಿನ ವಾಸನೆ. ಬಾಗಿಲಲ್ಲಿ ಒಬ್ಬ ದಪ್ಪನೆಯ ಮನುಷ್ಯ ಉಪಕರಣಗಳ ಪೆಟ್ಟಿಗೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದ. ತಾನು ಯಾರೆಂದು ಅಕ್ಕ ಹೇಳಿದ ಕೂಡಲೇ ಅವನು ಎದ್ದು ನಿಂತು ಕೈ ಒರೆಸಿಕೊಂಡ. ಅವನು ತಮ್ಮನ ಜೋಡಿ. ಲಿಫ್ಟಿನ ಕೆಲಸಕ್ಕೆ ಯಾವಾಗಲೂ ಇಬ್ಬರು ಹೋಗಬೇಕು, ಒಬ್ಬ ಮೇಲೆ ಒಬ್ಬ ಕೆಳಗೆ. ತಮ್ಮ ಗೋದಾಮಿಗೆ ಬಂದಮೇಲೆ ಇವನಿಗೆ ಬೇರೆ ಜೋಡಿ ಕೊಟ್ಟಿದ್ದರು.

ಹೊಸಬ ಹೇಗಿದ್ದಾನೆ ಎಂದು ಅವಳು ಸುಮ್ಮನೆ ಮಾತಿಗೆ ಕೇಳಿದಳು. ಹುಡುಗ ಒಳ್ಳೆಯವನೇ, ಆದರೆ ಕೆಳಗಿಳಿದಾಗ ತನ್ನ ಕಿವಿಯೆಲ್ಲ ಮೇಲೆಯೇ ಇರುತ್ತದೆ ಎಂದ ಅವನು.

“ನಿಮ್ಮ ತಮ್ಮ ಮೇಲಿದ್ರೆ ನಾನು ಕೆಳಗೆ ಹಾಡು ಹೇಳ್ಕೊಂಡು ಕೆಲಸ ಮಾಡ್ತಿದ್ದೆ, ಅಕ್ಕ. ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ ಕೀಲಿ ಜೇಬಿಗೆ ಹಾಕೋದನ್ನ ಅವನು ಒಂದು ದಿನಾನೂ ಮರೆತವನಲ್ಲ. ಮರೆತಿದ್ರೆ ನಾನು ನಿಮ್ಮ ಹತ್ರ ಹೀಗೆ ನಿಂತು ಮಾತಾಡೋಕೆ ಆಗ್ತಿತ್ತಾ?”

ಇಷ್ಟು ವರ್ಷ ಅಕ್ಕನ ಕಣ್ಣಮುಂದೆ ಇದ್ದವನು ಬುತ್ತಿ ಬಿಟ್ಟು ಓಡುವ ಹುಡುಗ. ಅವನು ಬೆಳೆದು ಇನ್ನೊಬ್ಬರ ಜೀವವನ್ನು ದಿನಾ ಕೈಯಲ್ಲಿ ಹಿಡಿದು ನಿಲ್ಲುವ ಗಂಡಸಾಗಿದ್ದು ಯಾವಾಗ? ತನ್ನ ಮನೆಯಿಂದ ಮೂರು ಬಸ್‌ಸ್ಟಾಪಿನ ಆಚೆ ನಡೆದದ್ದು ತನಗೇ ತಿಳಿದಿರಲಿಲ್ಲ.

ತಮ್ಮ ಶೆಡ್ಡಿನ ಕೊನೆಯಲ್ಲಿ, ಎತ್ತರದ ಕಪಾಟುಗಳ ನಡುವೆ, ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿಕೊಂಡು ತಂತಿ ಸುತ್ತುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು, ಕಣ್ಣಿನ ಬಿಳಿ ಹಳದಿಗಟ್ಟಿತ್ತು. ಅವಳನ್ನು ನೋಡಿ ಮೊದಲು ಹೆದರಿದ. ಅಪ್ಪನಿಗೆ ಏನಾದರೂ ಆಯಿತಾ ಎಂದು ಕೇಳಿದ. ಇಲ್ಲ, ಅಪ್ಪ ಚೆನ್ನಾಗಿದ್ದಾರೆ ಎಂದಳು. ಬಸ್ಸಿನಲ್ಲಿ ಬರುವಾಗ ಹೇಗೆ ಶುರು ಮಾಡುವುದೆಂದು ಅವಳು ಎಷ್ಟೆಲ್ಲ ಹೊಂದಿಸಿಕೊಂಡಿದ್ದಳು. ಲಿವರಿನಿಂದ ಶುರು ಮಾಡುವುದೋ, ಆ ದೂರದ ರೋಗಿಗಳಿಂದಲೋ. ಎದುರಿಗೆ ನಿಂತಾಗ ಒಂದೂ ನೆನಪಾಗಲಿಲ್ಲ.

“ನೀನು ಮಾತ್ರೆ ಎಲ್ಲಾ ತಗೊಂಡಿದ್ದೀಯ. ನಂಗೊತ್ತು,” ಎಂದಳು.

ತಮ್ಮನ ಕೈ ನಿಂತಿತು. “ಯಾರು ಹೇಳಿದ್ರು?”

“ನೀನೇ ಹೇಳಿದ್ದೆಯಲ್ಲ.”

ಅವನು ಮುಖ ತಿರುಗಿಸಿಕೊಂಡ. ಸುತ್ತಿಟ್ಟಿದ್ದ ತಂತಿಯನ್ನೇ ಮತ್ತೆ ಬಿಚ್ಚಿ, ಮತ್ತೆ ಸುತ್ತತೊಡಗಿದ. ಅಕ್ಕ ಒಂದು ಖಾಲಿ ಪೆಟ್ಟಿಗೆ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವನು, ಮೂಗು ಒರೆಸಿಕೊಂಡು, ಇಲ್ಲಿ ಧೂಳು ಜಾಸ್ತಿ ಎಂದ. ಹೌದು, ಜಾಸ್ತಿ ಎಂದಳು ಅವಳು. ಆಮೇಲೆಯೇ ಲಿವರಿನ ಕಥೆಯನ್ನು ಹೇಳಿದ್ದು. ಅವನು ಪೂರ್ತಿ ಕೇಳಿಸಿಕೊಂಡು, ತಾನು ಗುಂಡಿಯನ್ನು ಸರಿಯಾಗಿಯೇ ಒತ್ತಿದ್ದೇನೆ, ಒಳಗಿನ ತಂತಿಯನ್ನೇ ಜೋಡಿಸಿಲ್ಲ, ಹಾಗೆ ತಾನೇ ಎಂದು ಕೇಳಿದ. ಅದಕ್ಕಿಂತ ಚೆನ್ನಾಗಿ ತಾನೂ ಹೇಳಲಾರೆ ಎಂದಳು ಅಕ್ಕ.

ಆದರೆ ಅವಳು ಒಂದು ಮಾತು ಸ್ಪಷ್ಟವಾಗಿ ಹೇಳಿದಳು: ಪರೀಕ್ಷೆಯಲ್ಲಿ ಬೇರೇನಾದರೂ ಬಂದರೂ, ಕಾರಣ ಇದಲ್ಲ ಎಂದಾದರೂ, ನಿನ್ನ ಮಾತನ್ನು ನಾನು ನಂಬಿದ್ದೇನೆ ಎಂದೇ ತಿಳಿದುಕೋ.

ಆಸ್ಪತ್ರೆಗೆ ಇಬ್ಬರೂ ಜೊತೆಯಲ್ಲಿ ಹೋದರು. ಡಾಕ್ಟರಮ್ಮ ಬೆಳಗಿನಿಂದ ರೋಗಿಗಳನ್ನು ನೋಡಿ ಸುಸ್ತಾಗಿದ್ದರು. ಮರಳಿ ಬಂದ ಜ್ವರ ಎಂದ ಕೂಡಲೇ ಅವರ ಪೆನ್ನು ಅದೇ ಎರಡು ವಾರದ ಮಾತ್ರೆಯತ್ತ ಓಡಿತು. ಅಕ್ಕ ಮೆಲ್ಲಗೆ, ತಾನು ಏನು ಕೆಲಸ ಮಾಡುತ್ತೇನೆಂದು ಹೇಳಿ, ಫೋನಿನಲ್ಲಿ ಲಿವರಿನ ವಿಷಯವಿದ್ದ ಪುಟ ತೆರೆದು ಮುಂದಿಟ್ಟಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಓದಿದರು, ಕೊನೆಯವರೆಗೂ ಓದಿದರು. ಹೊರಗೆ ಸಾಲಿನಲ್ಲಿದ್ದವರು ಒಮ್ಮೆ ಇಣುಕಿ ಹೋದರು. ಇದರ ಬಗ್ಗೆ ಕೇಳಿದ್ದೇನೆ, ಆದರೆ ಕುರ್ಚಿಯಲ್ಲಿ ಕೂತ ರೋಗಿಯಲ್ಲಿ ಹುಡುಕಿರಲಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತಮ್ಮನ ಕಡೆ ತಿರುಗಿ, ಇಷ್ಟು ಸಲ ನಿಮ್ಮನ್ನು ಬೈದು ಕಳಿಸಿದ್ದೇವಲ್ಲ ಎಂದರು. ಪರವಾಗಿಲ್ಲ, ಬೈದರೂ ಚೀಟಿ ಬರೆದುಕೊಡುತ್ತಿದ್ದಿರಿ, ಮನೆಯಲ್ಲಿ ಬರೀ ಬೈಗುಳ ಎಂದ ಇವನು. ಡಾಕ್ಟರಮ್ಮನಿಗೆ ನಗು ಬಂತು.

ರಕ್ತದ ಜ್ವರಕ್ಕೆ ಅಂದೇ ಔಷಧಿ ಶುರುವಾಯಿತು. ಲಿವರಿನ ಗುಣ ತಿಳಿಯುವ ಪರೀಕ್ಷೆಗೆ ರಕ್ತವನ್ನು ಬೇರೆ ಕಡೆ ಕಳಿಸಬೇಕಿತ್ತು. ಅದೇ ಆಸ್ಪತ್ರೆಯಲ್ಲಿ ಮರುಕಳಿಸುವ ಜ್ವರದ ಬಗ್ಗೆ ಒಂದು ಅಧ್ಯಯನವೂ ನಡೆಯುತ್ತಿತ್ತು. ಅದಕ್ಕೂ ಸ್ವಲ್ಪ ರಕ್ತ ಕೊಡುತ್ತೀರಾ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಕೇಳಿದಾಗ ತಮ್ಮ ತೋಳು ಚಾಚಿದ. ಹೆಸರು ಬಂದರೂ ಅಡ್ಡಿಯಿಲ್ಲ, ಮರೆಗುಳಿ ಎಂದು ಮಾತ್ರ ಬರೆಯಬೇಡಿ ಎಂದ.

ಫಲಿತಾಂಶ ಬರಲು ಬಹಳ ದಿನ ಹಿಡಿಯಿತು. ಬಂದಾಗ ಅದರಲ್ಲಿ ಅನುಮಾನಕ್ಕೆ ಎಡೆ ಇರಲಿಲ್ಲ. ಅವನ ಲಿವರಿಗೆ ಆ ಮಾತ್ರೆಯನ್ನು ಔಷಧಿ ಮಾಡಿಕೊಳ್ಳಲು ಬರುತ್ತಿರಲಿಲ್ಲ. ತಮ್ಮನ ಹೆಂಡತಿ ಅಕ್ಕನ ಮನೆಗೆ ಒಬ್ಬಳೇ ಬಂದಳು. ಬಾಗಿಲಲ್ಲೇ ನಿಂತು, “ಅತ್ತಿಗೆ, ಮಂಚದ ಕೆಳಗೆ ಸಿಕ್ಕಿದ್ದನ್ನ ನಾನು ಮೊದಲು ಅವರನ್ನೇ ಕೇಳಬೇಕಿತ್ತು. ನಿಮಗೆ ಹೇಳಿದೆ,” ಎಂದಳು. ಕಣ್ಣು ಕೆಂಪಾಗಿತ್ತು. ಕೇಳಿದ್ದರೂ ನಾವು ನಂಬುತ್ತಿರಲಿಲ್ಲ ಬಿಡು ಎಂದು ಅಕ್ಕ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಇಬ್ಬರೂ ಒಂದೇ ಹಲಗೆಯ ಮೇಲೆ ತರಕಾರಿ ಹೆಚ್ಚಿದರು, ಹೆಚ್ಚಿದ್ದು ಇಬ್ಬರು ತಿನ್ನುವುದಕ್ಕಿಂತ ಬಹಳ ಜಾಸ್ತಿಯಾಯಿತು.

ಅಪ್ಪನಿಗೆ ಹೇಳುವುದು ಉಳಿದಿತ್ತು. ಅಂದು ಸಂಜೆ ಅವನು ಊಟದ ಮೇಜಿನ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದ. ಅಕ್ಕ ಎದುರಿಗೆ ಕೂತು ನಿಧಾನವಾಗಿ ಹೇಳಿದಳು. ತಪ್ಪು ತಮ್ಮನದಲ್ಲ, ಹುಟ್ಟಿನಿಂದ ಬಂದದ್ದು, ಅಪ್ಪ ಅಮ್ಮಂದಿರಿಂದ ಮಕ್ಕಳಿಗೆ ಇಳಿಯುವಂಥದ್ದು ಎಂದಳು. ಅಪ್ಪ ಸಿಪ್ಪೆಯನ್ನು ಒಂದರ ಮೇಲೊಂದು ಜೋಡಿಸುತ್ತ ಕೇಳುತ್ತಿದ್ದ. ಇಳಿಯುವಂಥದ್ದು ಎಂಬಲ್ಲಿ ಅವನ ಬೆರಳುಗಳು ನಿಂತವು.

“ಯಾರಿಂದ ಇಳಿಯತ್ತೆ?”

“ಇಬ್ಬರಿಂದಲೂ ಒಂದೊಂದು ಪಾಲು, ಅಪ್ಪ.”

ಅಮ್ಮ ಸತ್ತದ್ದು ಆ ಜ್ವರದಿಂದಲ್ಲ, ಅದಾಗಿ ಎಷ್ಟೋ ಕಾಲದ ಮೇಲೆ ಬೇರೆ ಕಾಯಿಲೆಯಿಂದ. ಆದರೆ ಅಕ್ಕ ಚಿಕ್ಕವಳಿದ್ದಾಗ ಅಮ್ಮನಿಗೆ ವರ್ಷಾವರ್ಷಾ ಜ್ವರ ಬರುತ್ತಿದ್ದದ್ದೂ, ಮಾತ್ರೆ ಎಲ್ಲಿ ಬಿಸಾಕಿದೆ ಎಂದು ಅಪ್ಪ ಗದರುತ್ತಿದ್ದದ್ದೂ, ಅಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದದ್ದೂ ಇಬ್ಬರಿಗೂ ನೆನಪಿತ್ತು.

“ಹಾಗಾದ್ರೆ ಅವಳೂ ನುಂಗಿದ್ಲೋ ಏನೋ,” ಎಂದ ಅಪ್ಪ.

ಇನ್ನು ತಿಳಿಯುವ ದಾರಿ ಇರಲಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು ಎಂದು ಅಕ್ಕ ನಿಜವನ್ನೇ ಹೇಳಿದಳು. ಅಪ್ಪನ ಕೈಯ ಕಿತ್ತಳೆ ಹಾಗೇ ಉಳಿಯಿತು. ಅವಳು ಎದ್ದು ಹೋಗದೆ ಅವನ ಪಕ್ಕದ ಕುರ್ಚಿಗೆ ಬಂದು ಕೂತಳು. ಅಪ್ಪ ಅಮ್ಮನ ವಿಷಯ ಮಾತಾಡಿ ವರ್ಷಗಳಾಗಿದ್ದವು. ಅಂದು ಅವನಾಗಿಯೇ ಒಂದೆರಡು ಹೇಳಿದ. ಜ್ವರದಲ್ಲೂ ಅವಳು ಅವನ ಕೆಲಸದ ಅಂಗಿ ಒಗೆದಿಡುತ್ತಿದ್ದಳಂತೆ. ಮದ್ದು ಕಹಿ ಎಂದು ಒಂದು ದಿನವೂ ಅಂದವಳಲ್ಲವಂತೆ. ಅದು ತನಗೆ ಆಗಲೇ ಹೊಳೆಯಬೇಕಿತ್ತು ಎಂದ.

ಮರುದಿನ ಬೆಳಿಗ್ಗೆ ಅಪ್ಪ ತನ್ನ ಹಳೆಯ ಉಪಕರಣದ ಚೀಲ ಹೆಗಲಿಗೇರಿಸಿ ಮಗನ ಮನೆಗೆ ಹೋದ. ಅಲ್ಲಿ ಏನು ಮಾತಾಯಿತೆಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ತಮ್ಮ ಹೇಳಿದ್ದಿಷ್ಟೇ: ಅಪ್ಪ ಅಡುಗೆಮನೆಯ ಸೋರುವ ನಲ್ಲಿ ಸರಿ ಮಾಡಿದ, ಸೋರದೇ ಇದ್ದ ಬಚ್ಚಲಿನ ನಲ್ಲಿಯನ್ನೂ ಬಿಚ್ಚಿ ಸರಿ ಮಾಡಿದ, ಆಮೇಲೆ ಮಗನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಗಂಜಿ ಕುಡಿದು ಹೋದ.

ಡಾಕ್ಟರಮ್ಮ ಈ ಸಲ ಬೇರೆ ದಾರಿ ಹಿಡಿದರು. ಬೇರೆ ಔಷಧಿ, ಅದೂ ಆಸ್ಪತ್ರೆಯವರ ಕಣ್ಣಮುಂದೆ. ಅದರ ಮೇಲೆ ಕೆಲವು ತಿಂಗಳು, ಮಲಗಿದ್ದು ಎದ್ದರೂ ತಲೆಯೆತ್ತದಂತೆ ವಾರಕ್ಕೊಂದು ಕಾವಲಿನ ಮಾತ್ರೆ. ಖಂಡಿತ ವಾಸಿಯಾಗುತ್ತದೆ ಎಂದು ಅವರು ಮಾತು ಕೊಡಲಿಲ್ಲ. ಪ್ರಯತ್ನ ಮಾಡೋಣ ಎಂದರು. ಮಾತ್ರೆಯ ದಿನ ತಮ್ಮನ ಹೆಂಡತಿ ನೀರಿನ ಲೋಟ ತಂದು ಮೇಜಿನ ಮೇಲಿಟ್ಟು, ಬೇಕೆಂದೇ ಬೇರೆ ಕೋಣೆಗೆ ಹೋಗುತ್ತಿದ್ದಳು. ನುಂಗಿದೆ ಎಂದು ಅವನು ಕೂಗಿ ಹೇಳುತ್ತಿದ್ದ. ಸರಿ ಎಂದು ಅವಳು ಅಲ್ಲಿಂದಲೇ ಹೇಳುತ್ತಿದ್ದಳು.

ಬೇಸಿಗೆ ಬಂದು ಹೋಯಿತು, ಜ್ವರ ಬರಲಿಲ್ಲ. ಮಳೆ ಶುರುವಾಯಿತು, ಆಗಲೂ ಬರಲಿಲ್ಲ. ಕೆನ್ನೆ ತುಂಬಿಕೊಂಡಿತು. ಕಂಪನಿಯವರು ತಮ್ಮನನ್ನು ಮತ್ತೆ ಬಾವಿಗೆ ಇಳಿಯಲು ಬಿಟ್ಟ ದಿನ ಅವನ ಜೋಡಿಯೇ ಅಕ್ಕನಿಗೆ ಫೋನ್ ಮಾಡಿ ತಿಳಿಸಿದ. ಹಿನ್ನೆಲೆಯಲ್ಲಿ ಯಾರೋ ಬೇಸುರಾಗಿ ಹಾಡುವುದು ಕೇಳುತ್ತಿತ್ತು. ಯಾರು ಎಂದು ಕೇಳಿದರೆ, ಇವತ್ತು ಕೆಳಗಿರುವವನು ನಿಮ್ಮ ತಮ್ಮ, ಮೇಲೆ ನಾನು ಎಂದ.

ಆಮೇಲೊಂದು ಬಿಡುವಿನ ಮಧ್ಯಾಹ್ನ ತಮ್ಮ ಅಕ್ಕನ ಕಚೇರಿಗೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ. ಸೈಕಲ್ ಸ್ಟ್ಯಾಂಡಿನ ಪಕ್ಕದ ಮೆಟ್ಟಿಲು ಹತ್ತಿ ಬಂದು, ಇಷ್ಟು ಓದಿದವರು ಒಂದು ಲಿಫ್ಟ್ ಹಾಕಿಸಿಕೊಳ್ಳಬಾರದಾ ಎಂದು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ನಗುತ್ತ ಅವನಿಗೆ ಕುರ್ಚಿ ಕೊಟ್ಟರು. ಆ ವಾರವೇ ಆಸ್ಪತ್ರೆಯ ಅಧ್ಯಯನದ ಮಾದರಿಗಳು ಮಾಹಿತಿಕೋಶಕ್ಕೆ ಬಂದಿದ್ದವು. ಅಕ್ಕ ಪರದೆಯನ್ನು ಅವನ ಕಡೆ ತಿರುಗಿಸಿದಳು. ಬಣ್ಣಬಣ್ಣದ ಪಟ್ಟಿಗಳು ಒಂದರ ಕೆಳಗೊಂದು. ಒಂದೊಂದು ಪಟ್ಟಿಯೂ ಒಬ್ಬೊಬ್ಬ ಮನುಷ್ಯನ ಮೈಯಲ್ಲಿ ಮಲಗಿ ಎದ್ದದ್ದು.

“ನಂದು ಯಾವುದು?” ಎಂದು ಅವನು ಮುಂದೆ ಬಾಗಿದ.

“ನಂಗೂ ಗೊತ್ತಿಲ್ಲ. ಯಾರದ್ದು ಅಂತ ತಿಳೀಬಾರದು ಅಂತಲೇ ಹೆಸರು ತೆಗೆದಿರ್ತಾರೆ. ನಾನು ಹುಡುಕೋದೂ ಇಲ್ಲ.”

ಅವನು ಪಟ್ಟಿಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದ. ತನ್ನ ಹಾಗೇ ಇನ್ನೂ ಇಷ್ಟು ಜನ ಮನೆಯವರ ಹತ್ತಿರ ಬೈಸಿಕೊಂಡಿದ್ದಾರಾ ಎಂದು ಕೇಳಿದ. ಕೆಲವರಾದರೂ ಬೈಸಿಕೊಂಡಿರಬೇಕು ಎಂದಳು ಅಕ್ಕ.

“ಹಾಗಾದ್ರೆ ಎಲ್ಲಾನೂ ಚೆನ್ನಾಗಿ ನೋಡ್ಕೋ, ಅಕ್ಕ.”

ನೋಡಿಕೊಳ್ಳುತ್ತೇನೆ ಎಂದಳು. ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಮೇಲಿನ ಸಾಲಿನ ಕೆಂಪು ಗೀಟು ಏನೆಂದು ಕೇಳಿದ. ಅಕ್ಕ ಹೇಳಿದಳು. ಅದರ ಪಕ್ಕದ ನೀಲಿ ಏನೆಂದು ಕೇಳಿದ. ಅದನ್ನೂ ಹೇಳಿದಳು. ಹೊರಗೆ ಮಳೆ ಹನಿಯತೊಡಗಿತು, ಕೆಳಗೆ ಯಾರೋ ಸೈಕಲ್ಲುಗಳನ್ನು ಒಳಗೆ ಎಳೆದು ನಿಲ್ಲಿಸುತ್ತಿದ್ದರು. ತಮ್ಮನಿಗೆ ಮನೆಗೆ ಹೋಗುವ ಆತುರವಿರಲಿಲ್ಲ. ಅಕ್ಕ ಎದ್ದು ಇಬ್ಬರಿಗೂ ಟೀ ಹೇಳಿ ಬಂದು, ಮುಂದಿನ ಪುಟ ತೆರೆದಳು.